ಕಡಕ್ ರೊಟ್ಟಿ ಮೇಲೆ ನಡೀತಿರೋ ನಮ್ಮ ದಾಸೋಹ

ಕೊಪ್ಪಳದ ಆಸ್ಪತ್ರೆಗೆ ಬಂದ ರೋಗಿಗಳ ಜೊತೆಗಿರೋರಿಗೆ ರಾತ್ರಿ ಊಟ ಕೊಡೋಕೆ ಶುರು ಮಾಡಿದಾಗ ಎಲ್ಲರ ಹಾಗೆ ನಾವೂ ಅನ್ನ ಸಾರೇ ಮಾಡಿದೆವು. ನೂರು ಜನಕ್ಕೆ ಅಕ್ಕಿ, ಬೇಳೆ, ಸಿಲಿಂಡರ್, ಆಟೋ ಬಾಡಿಗೆ ಎಲ್ಲ ಸೇರಿ ದಿನಕ್ಕೆ ಎರಡೂವರೆ ಸಾವಿರದ ಹತ್ತಿರ ಹೋಗುತ್ತಿತ್ತು. ದಾನಿಗಳು ಹುಟ್ಟುಹಬ್ಬಕ್ಕೆ, ಪುಣ್ಯತಿಥಿಗೆ ಕೊಡುತ್ತಾರೆ. ಉಳಿದ ದಿನ? ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನದ ಸಾರು ಸಂಜೆಗೆ ಹಳಸಿ ಪಾತ್ರೆಗಟ್ಟಲೆ ಚೆಲ್ಲಿದ್ದೂ ಉಂಟು. ನನ್ನ ಬಳೆ ಒತ್ತೆ ಹೋಗಿದ್ದು ಆಗಲೇ.

ಪ್ರತಿ ಜನವರಿ ಇಲ್ಲೇ ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಗಳಿಂದ ಲಕ್ಷಗಟ್ಟಲೆ ಜೋಳದ ರೊಟ್ಟಿ ಬರುತ್ತವೆ ಅಲ್ವಾ? ದುಡ್ಡು ಕೇಳಿದರೆ ಹಿಂದೆ ಸರಿಯೋ ಮನೆಯವರೂ ರೊಟ್ಟಿ ಅಂದರೆ ಇಲ್ಲ ಅನ್ನಲ್ಲ. ವರ್ಷಪೂರ್ತಿ ಹಾಗೇ ಕೇಳೋಣ ಅಂದೆ. "ಯಕ್ಕಾ, ಅದು ಅಜ್ಜಾರ (ಮಠದ ಸ್ವಾಮಿಗಳ) ಜಾತ್ರಿ ಅಂತ ಕೊಡ್ತಾರ, ನಿನಗ್ಯಾರು ಕೊಡ್ತಾರ?" ಅಂದರು ನಮ್ಮ ಸಂಘದ ಹೆಣ್ಣುಮಕ್ಕಳೇ.

ಕೊಟ್ಟರು. ಮನೆಗೆ ತಿಂಗಳಿಗೆ 20 ಕಡಕ್ ರೊಟ್ಟಿ, ಅಂದರೆ ಕೂಡಿಡೋಕೆ ಬರೋ ಹಾಗೆ ಗರಿಗರಿಯಾಗಿ ಒಣಗಿಸಿದ್ದು, ಅಷ್ಟೇ ಕೇಳೋದು. ಕೆಜಿ ಚಿಲ್ಲರೆ ಹಿಟ್ಟು, ಯಾರಿಗೂ ಭಾರ ಅಲ್ಲ. ಭಾಗ್ಯನಗರದ ಓಣಿಗಳಿಂದ ಶುರು ಮಾಡಿದ್ದು, ಈಗ ಆಳವಂಡಿ, ಇರಕಲ್ಲಗಡ ಕಡೆಯಿಂದಲೂ ಬರುತ್ತವೆ. ಸುಮಾರು 400 ಮನೆ ಇರಬಹುದು. ಒಂದು ಮನೆಯೂ ತಪ್ಪದ ಹಾಗೆ ಪಾಳಿ ಹೇಗೆ ಹಚ್ಚಿದೆ ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ. ಅದು ಬಹಳ ಓಡಾಡಿ ಕಂಡುಕೊಂಡಿದ್ದು.

ತ್ರಾಸು ಕೊಟ್ಟಿದ್ದು ಮಳೆಗಾಲ. ಒಬ್ಬೊಬ್ಬರದು ಒಂದೊಂದು ಹದ, ಹಸಿ ಉಳಿದ ನಾಲ್ಕು ರೊಟ್ಟಿ ಇಡೀ ಚೀಲಕ್ಕೆ ಬೂಷ್ಟು ಹಿಡಿಸಿಬಿಡುತ್ತವೆ. ಮೊದಲ ವರ್ಷ ಸಾವಿರಕ್ಕೂ ಜಾಸ್ತಿ ಹೋದವು. ಈಗ ಬಂದ ಕೂಡಲೇ ಪ್ರತಿ ಕಟ್ಟಿನಿಂದ ಒಂದನ್ನ ಮುರಿದು ನೋಡುತ್ತೇವೆ. ಟಕ್ ಅಂತ ಮುರಿದರೆ ಡಬ್ಬಿಗೆ, ಬಾಗಿದರೆ ಆ ಕಟ್ಟು ಅವತ್ತೇ ಹಂಚಿಕೆಗೆ. ಪ್ಲಾಸ್ಟಿಕ್ ಚೀಲ ಪೂರ್ತಿ ಬಿಟ್ಟೆವು.

ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನೂ ಒಂದು ಚಳಿಗಾಲ ಮಾಡಿಸಿ ನೋಡಿದೆ. ಜನ ಕೇಳಿ ಕೇಳಿ ತಿಂದರು, ಆದರೆ ಸಜ್ಜೆ ಹಿಟ್ಟಲ್ಲಿ ಎಣ್ಣೆ ಅಂಶ ಜಾಸ್ತಿ, ಬೇಗ ಕಹಿ ಆಗುತ್ತದೆ, ಕೂಡಿಡೋಕೆ ಬರಲ್ಲ. ರೊಟ್ಟಿ ಜೊತೆ ಕೊಡೋ ಶೇಂಗಾ ಹಿಂಡಿ (ಚಟ್ನಿಪುಡಿ) ದುಬಾರಿ ಅಂತ ಈಗ ಅರ್ಧ ಅಗಸಿ ಬೆರೆಸುತ್ತಿದ್ದೇವೆ, ರುಚಿಗೆ ಏನೂ ಕಡಿಮೆ ಇಲ್ಲ.

ಹಲ್ಲಿಲ್ಲದ ಮುದುಕರಿಗೆ ಕಡಕ್ ರೊಟ್ಟಿ ಹೇಗೆ ಕೊಡ್ತೀರಿ ಅಂತ ಕೇಳುತ್ತಿದ್ದರು. ಬಿಸಿ ಬೇಳೆಸಾರಲ್ಲಿ ಮುರಿದು ಹಾಕಿ ಐದು ನಿಮಿಷ ಬಿಟ್ಟರೆ ಆಯಿತು. ಒಲೆ ಮೇಲೆ ಮಾಡೋದು ಈಗ ಆ ಸಾರು ಒಂದೇ. ದಿನದ ಖರ್ಚು ಏಳು ನೂರು, ಎಂಟು ನೂರಕ್ಕೆ ಇಳಿದಿದೆ, ಬಳೆಯನ್ನೂ ಬಿಡಿಸಿಕೊಂಡೆ. ನೀವೂ ಶುರು ಮಾಡೋದಾದರೆ ಮಳೆಗಾಲಕ್ಕೆ ಮುಂಚೆ ಬಿಗಿ ಮುಚ್ಚಳದ ತಗಡಿನ ಡಬ್ಬಿ ತಗೊಳ್ಳಿ. ಹಳೆ ಎಣ್ಣೆ ಡಬ್ಬಿ ಬೇಡ, ಎಷ್ಟು ತೊಳೆದರೂ ವಾಸನೆ ಹೋಗಲ್ಲ.