ಹಿತ್ತಲಿನ ಹಕ್ಕಿಗಳ ಊಟ: ನನ್ನ ಅನುಭವ

ಮೈಸೂರಿನ ನಮ್ಮ ಮನೆಯ ಹಿತ್ತಲಿನಲ್ಲಿ ಒಂದು ಗಸಗಸೆ ಹಣ್ಣಿನ ಮರವೂ ಎರಡು ದಾಸವಾಳದ ಗಿಡಗಳೂ ಇವೆ. ಹಕ್ಕಿಗಳು ಏನನ್ನು, ಹೇಗೆ ತಿನ್ನುತ್ತವೆ ಎಂದು ನೋಡುವ ಆಸೆಯಿಂದ ನಾನು ಮೊದಮೊದಲು ತಾರಸಿಯ ಮೇಲೆ ಅಕ್ಕಿಯನ್ನೂ ಉಳಿದ ಅನ್ನವನ್ನೂ ಇಡುತ್ತಿದ್ದೆ. ಬಂದದ್ದು ಪಾರಿವಾಳ, ಕಾಗೆಗಳು ಮಾತ್ರ. ನಾನು ನೋಡುತ್ತಿದ್ದುದು ನಾನಿಟ್ಟ ಊಟವನ್ನೇ ಹೊರತು ಅವುಗಳ ಊಟವನ್ನಲ್ಲ. ಆದ್ದರಿಂದ ಕಾಳು ಇಡುವುದನ್ನು ನಿಲ್ಲಿಸಿ, ಮಣ್ಣಿನ ಬೋಗುಣಿಯ ನೀರನ್ನಷ್ಟೇ ಉಳಿಸಿಕೊಂಡು, ಬೆಳಿಗ್ಗೆ 6.30ರಿಂದ ಒಂದು ಗಂಟೆ ಅಡುಗೆಮನೆಯ ಕಿಟಕಿಯ ಬಳಿ ಅಲುಗಾಡದೆ ಕುಳಿತು, ಯಾವ ಹಕ್ಕಿ, ಯಾವ ಗಿಡ, ಗಿಡದ ಯಾವ ಭಾಗ ಎಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ.

ಒಂದೇ ಗಸಗಸೆ ಹಣ್ಣನ್ನು ಹಕ್ಕಿಗಳು ತಿನ್ನುವ ಬಗೆ ಒಂದೇ ಅಲ್ಲ. ಕುಟ್ರು ಹಕ್ಕಿ ಹಣ್ಣನ್ನು ಕಿತ್ತು ಇಡಿಯಾಗಿ ನುಂಗುತ್ತದೆ. ಪುಟ್ಟ ಬದನಿಕೆ ಹಕ್ಕಿಗೆ ಅದು ಸಾಧ್ಯವಿಲ್ಲ. ಅದು ಹಣ್ಣನ್ನು ಕೊಕ್ಕಿನಲ್ಲಿ ಹಿಸುಕಿ, ತಿರುಳನ್ನೂ ನುಣ್ಣನೆಯ ಬೀಜಗಳನ್ನೂ ನುಂಗಿ, ಸಿಪ್ಪೆಯನ್ನು ಉದುರಿಸುತ್ತದೆ. ಮರದಡಿಯಲ್ಲಿ ಬಿದ್ದ ಖಾಲಿ ಸಿಪ್ಪೆಗಳನ್ನು ನೋಡಿಯೇ ಅದು ಬಂದುಹೋದದ್ದನ್ನು ನಾನು ಗುರುತಿಸುತ್ತೇನೆ.

ನನ್ನನ್ನು ಹೆಚ್ಚು ಕಾಲ ಹಿಡಿದು ಕೂರಿಸಿದ್ದು ಸೂರಕ್ಕಿ. ದಾಸವಾಳದ ಬಾಯಿಯಿಂದ ಅದರ ಮಕರಂದ ದೂರ. ಹೀಗಾಗಿ ಅದು ಹೂವಿನ ತೊಟ್ಟಿನ ಹತ್ತಿರ ಪಕ್ಕಕ್ಕೆ ಜೋತುಬಿದ್ದು, ಬುಡದಲ್ಲಿ ಕೊಕ್ಕಿನಿಂದ ಸಣ್ಣ ಸೀಳು ಮಾಡಿ ಹೀರುತ್ತದೆ. ಬಾಡಿ ಬಿದ್ದ ಹೂಗಳನ್ನು ಎತ್ತಿ ನೋಡಿದರೆ ಆ ಸೀಳು ಕಂದು ಗೆರೆಯಾಗಿ ಕಾಣುತ್ತದೆ. ಪರಾಗವನ್ನು ಮುಟ್ಟದೆ ಸಿಹಿಯನ್ನು ಒಯ್ಯುವ ಈ ಹಕ್ಕಿಯಿಂದ ಆ ಹೊತ್ತಿಗೆ ಹೂವಿಗೆ ಯಾವ ಉಪಕಾರವೂ ಇಲ್ಲ.

ಮಕರಂದವೇ ಅದರ ಆಹಾರವೆಂದು ನಾನು ನಂಬಿದ್ದೆ. ಕಿಟಕಿಯ ಎದುರಿನ ರೆಂಬೆಯಲ್ಲಿ ಜೇಡರ ಬಲೆಯ ಎಳೆ, ನಾರು, ತೊಗಟೆಯ ಚೂರುಗಳಿಂದ ಅದು ಗೂಡು ನೇಯ್ದು ಮರಿಮಾಡಿದಾಗ, ಗಂಡೂ ಹೆಣ್ಣೂ ಗೂಡಿಗೆ ತಂದದ್ದು ಜೇಡಗಳನ್ನು, ಹಸಿರು ಕಂಬಳಿಹುಳುಗಳನ್ನು. ಮಕರಂದದಲ್ಲಿ ಸಕ್ಕರೆ ಹೇರಳವಿದ್ದರೂ ಮರಿಯ ಮೈ ಬೆಳೆಯಲು ಬೇಕಾದ ಪ್ರೋಟೀನ್ ಇಲ್ಲವೆಂದೇ ಹೇಳಬೇಕು. ಕಾಳು ತಿನ್ನುವ ಗುಬ್ಬಚ್ಚಿಯೂ ಮರಿಗಳಿಗೆ ಹುಳುಗಳನ್ನೇ ಉಣಿಸುತ್ತದೆ.

ಅದೇ ವಾರ, ಅದೇ ದಾಸವಾಳದ ರಸ ಹೀರುವ ಬಿಳಿಯ ಕೀಟವಾದ ಹಿಟ್ಟು ತಿಗಣೆಗೆಂದು ನಾನು ತಂದಿಟ್ಟಿದ್ದ ಕೀಟನಾಶಕದ ಬಾಟಲಿ ಮೆಟ್ಟಿಲ ಕೆಳಗಿತ್ತು. ಅದನ್ನು ಹೊಡೆಯಲು ನನಗೆ ಕೈ ಬರಲಿಲ್ಲ. ಈಗ ತಿಗಣೆ ಕಂಡ ರೆಂಬೆಗಳನ್ನು ಪೈಪಿನ ನೀರಿನಿಂದ ರಭಸವಾಗಿ ತೊಳೆಯುತ್ತೇನೆ, ತೀರಾ ಹೆಚ್ಚಾದರೆ ಕತ್ತರಿಸಿ ತೆಗೆಯುತ್ತೇನೆ. ಜೇಡರ ಬಲೆಗಳನ್ನು ಮಾತ್ರ ಮುಟ್ಟುವುದಿಲ್ಲ.