ಮನೆ ಕೇರಳದ ಉಪ್ಪಳದಲ್ಲಿ, ಕೆಲಸ ಮಂಗಳೂರಲ್ಲಿ: ಹೆರಿಗೆ ರಜೆಗೆ ನಾನು ಮಾಡಿಕೊಂಡ ಲೆಕ್ಕ

ಮಗು ಬೇಕು ಎಂದು ತೀರ್ಮಾನಿಸಿದ ತಿಂಗಳಲ್ಲೇ ಕಪಾಟಿನಿಂದ ಅಪಾಯಿಂಟ್‌ಮೆಂಟ್ ಲೆಟರ್ ತೆಗೆದೆ. ಫೋಲಿಕ್ ಆಸಿಡ್ ಮಾತ್ರೆ ಶುರುವಾದದ್ದು ಅದರ ನಂತರ. ಆ ಲೆಟರ್‌ನಲ್ಲಿ ನೋಡಬೇಕಾದದ್ದು ಮೂರು: ಕೆಲಸಕ್ಕೆ ಸೇರಿದ ತಾರೀಕು, ಪ್ರೊಬೇಷನ್ ಮುಗಿಯುವ ತಾರೀಕು, ಹೆರಿಗೆ ರಜೆಯ ಬಗ್ಗೆ ಏನಾದರೂ ಬರೆದಿದೆಯೇ ಎಂಬುದು. ಹೆಂಗಸೊಬ್ಬಳು ಕೆಲಸಕ್ಕೆ ಸೇರುವಾಗಲೇ ಹೆರಿಗೆ ಸೌಲಭ್ಯಗಳನ್ನು ಲಿಖಿತವಾಗಿ ತಿಳಿಸಬೇಕೆಂದು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲೇ ಇದೆ. ನನ್ನ ಲೆಟರ್‌ನಲ್ಲಿ ಒಂದು ಸಾಲೂ ಇರಲಿಲ್ಲ. ಇಲ್ಲದಿದ್ದರೆ ಹಕ್ಕು ಹೋಗುವುದಿಲ್ಲ, ಆದರೆ ಆ ಕಚೇರಿಯಲ್ಲಿ ಇದನ್ನು ಯಾರೂ ಓದಿಲ್ಲ ಎಂದು ಗೊತ್ತಾಗುತ್ತದೆ. ಅಂಥ ಕಡೆ ಎಲ್ಲವನ್ನೂ ನಾವೇ ಬರೆದುಕೊಡಬೇಕು.

ಕಾನೂನಿನ ಹೊಸಿಲು ಚಿಕ್ಕದು. ಹೆರಿಗೆಯ ನಿರೀಕ್ಷಿತ ದಿನದ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಸಂಬಳ ಸಹಿತ ರಜಾದಿನಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಪ್ರೊಬೇಷನ್‌ನಲ್ಲಿದ್ದವರಿಗೆ ರಜೆ ಇಲ್ಲ ಎಂದು ಕಾಯ್ದೆ ಎಲ್ಲೂ ಹೇಳುವುದಿಲ್ಲ, ಹೇಳುವುದು ಕಚೇರಿಗಳು. ಅಂಗಡಿ, ಸಂಸ್ಥೆಗಳಾದರೆ ಕನಿಷ್ಠ 10 ಮಂದಿ ಕೆಲಸಗಾರರಿರಬೇಕು. ನಮ್ಮ ಕಡೆಯ ಪೇಟೆಗಳಲ್ಲಿ ನಾಲ್ಕೈದು ಜನರ ಅಂಗಡಿಗಳೇ ಹೆಚ್ಚು, ಅಲ್ಲಿ ದುಡಿಯುವವರಿಗೆ ಈ ಕಾಯ್ದೆ ತಲುಪುವುದಿಲ್ಲ. ಇದು ಕಹಿ, ಆದರೆ ಮೊದಲೇ ತಿಳಿದಿರುವುದು ಒಳ್ಳೆಯದು.

ಈಗ ತಾರೀಕಿನ ಲೆಕ್ಕ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ 280 ದಿನ ಕೂಡಿಸಿದರೆ ನಿರೀಕ್ಷಿತ ದಿನ ಸಿಗುತ್ತದೆ. ನನ್ನದು 2025ರ ಜನವರಿ 10, ಹಾಗಾಗಿ ಅಕ್ಟೋಬರ್ 17. ಮೊದಲ ತಿಂಗಳುಗಳ ಸ್ಕ್ಯಾನ್‌ನಲ್ಲಿ ವೈದ್ಯರು ಈ ದಿನವನ್ನು ತಿದ್ದಿದರೆ ಅವರು ಬರೆದದ್ದೇ ಅಂತಿಮ. ರಜೆ ಒಟ್ಟು 26 ವಾರ, ಅಂದರೆ 182 ದಿನ. ಅದರಲ್ಲಿ ಹೆರಿಗೆಗೆ ಮೊದಲು ಹೆಚ್ಚೆಂದರೆ 8 ವಾರ ತೆಗೆದುಕೊಳ್ಳಬಹುದು. ಎರಡು ಅಥವಾ ಹೆಚ್ಚು ಮಕ್ಕಳು ಈಗಾಗಲೇ ಇದ್ದರೆ ಒಟ್ಟು 12 ವಾರ, ಹೆರಿಗೆಗೆ ಮೊದಲು 6.

ಪೂರ್ತಿ 8 ವಾರ ಮೊದಲೇ ತೆಗೆದುಕೊಂಡರೆ ನನ್ನ ರಜೆ ಆಗಸ್ಟ್ 22ಕ್ಕೆ ಶುರುವಾಗಿ 2026ರ ಫೆಬ್ರವರಿ 19ಕ್ಕೆ ಮುಗಿಯುತ್ತದೆ, ಮಗುವಿಗೆ ಆಗ ಬರೇ ನಾಲ್ಕು ತಿಂಗಳು. ಎರಡು ವಾರ ಮೊದಲು, ಅಕ್ಟೋಬರ್ 3ರಿಂದ ತೆಗೆದುಕೊಂಡರೆ ಏಪ್ರಿಲ್ 2ರವರೆಗೆ, ಮಗುವಿಗೆ ಐದೂವರೆ ತಿಂಗಳು. ಆರು ತಿಂಗಳವರೆಗೆ ಎದೆಹಾಲು ಮಾತ್ರ ಎಂಬ ಸಲಹೆಯ ಹತ್ತಿರ ಬರುವುದು ಎರಡನೆಯದೇ. ಹೆರಿಗೆಯ ಮೊದಲು ಉಳಿಸಿದ ಪ್ರತಿ ವಾರವೂ ಬಾಣಂತನದ ಆಚೆಗೆ ಸೇರುತ್ತದೆ. ಆದರೆ ಇದು ದೇಹ ಒಪ್ಪಿದರೆ ಮಾತ್ರ. ರಕ್ತದೊತ್ತಡ ಏರಿತು, ಮಾಸು ಕೆಳಗಿದೆ ಎಂದಾದರೆ ಈ ಲೆಕ್ಕವನ್ನೆಲ್ಲ ಹರಿದೆಸೆದು ವೈದ್ಯರು ಹೇಳಿದ ದಿನ ಮನೆಯಲ್ಲಿ ಕೂರಬೇಕು. ಗರ್ಭ ಅಥವಾ ಹೆರಿಗೆಯಿಂದ ಕಾಯಿಲೆಯಾದರೆ ವೈದ್ಯರ ಪತ್ರದೊಂದಿಗೆ ಇನ್ನೂ ಒಂದು ತಿಂಗಳವರೆಗೆ ಸಂಬಳ ಸಹಿತ ರಜೆ ಬೇರೆಯೇ ಇದೆ. ಗರ್ಭ ನಿಲ್ಲದಿದ್ದರೆ ಆ ದಿನದ ಮರುದಿನದಿಂದ 6 ವಾರ. ಇದನ್ನು ಯಾರೂ ಕೇಳಿ ತಿಳಿದುಕೊಳ್ಳುವ ಸ್ಥಿತಿಯಲ್ಲಿರುವುದಿಲ್ಲ. ಆದ್ದರಿಂದಲೇ ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರಲಿ.

ಸಂಬಳ ತಿಂಗಳಿಗೆ 21,000 ರೂಪಾಯಿಯ ಒಳಗಿದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಾಗುತ್ತಿದ್ದರೆ ಲೆಕ್ಕ ಬೇರೆ, ದುಡ್ಡು ಕೊಡುವುದೂ ಇಎಸ್‌ಐಯೇ. ನಾನು ಕಂಡಂತೆ ಹೆಚ್ಚಿನವರು ಬೀಳುವ ಹೊಂಡ ಇಲ್ಲಿದೆ. ಇಎಸ್‌ಐಯಲ್ಲಿ ವಂತಿಗೆಯ ಅವಧಿ ಎರಡು: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಸೌಲಭ್ಯದ ಅವಧಿಯೂ ಎರಡು: ಜನವರಿಯಿಂದ ಜೂನ್, ಜುಲೈಯಿಂದ ಡಿಸೆಂಬರ್. ಹೆರಿಗೆ ಯಾವ ಸೌಲಭ್ಯದ ಅವಧಿಯಲ್ಲಿ ಬರುತ್ತದೋ ಅದಕ್ಕೆ ಮೊದಲು ಮುಗಿದ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನದ ವಂತಿಗೆ ಇರಬೇಕು. 2025ರ ಅಕ್ಟೋಬರ್ ಹೆರಿಗೆಗೆ ಲೆಕ್ಕವಾಗುವುದು 2024ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗಿನ ವಂತಿಗೆ. 2025ರ ಏಪ್ರಿಲ್‌ನಲ್ಲಿ ಕೆಲಸ ಬದಲಿಸಿ ಮೊದಲ ಬಾರಿಗೆ ಇಎಸ್‌ಐಗೆ ಸೇರಿದವಳು ಅಕ್ಟೋಬರ್‌ನೊಳಗೆ 80 ದಿನವಲ್ಲ, 150 ದಿನ ದುಡಿದಿದ್ದರೂ ಅಲ್ಲಿ ಅರ್ಜಿ ತಿರಸ್ಕಾರವಾಗುತ್ತದೆ. ಹಾಗಾಗಿ ಇಎಸ್‌ಐಯವರು ಕೆಲಸ ಬದಲಿಸುವ ತಿಂಗಳನ್ನೂ ಮಗುವಿನ ಯೋಚನೆಯನ್ನೂ ಒಂದೇ ಕ್ಯಾಲೆಂಡರ್‌ನಲ್ಲಿ ಬರೆಯಬೇಕು. ವಂತಿಗೆ ಅವಧಿಯ ನಡುವೆ ಸಂಬಳ ಏರಿ 21,000 ದಾಟಿದರೆ ಆ ಅವಧಿ ಮುಗಿಯುವವರೆಗೂ ಕಡಿತ ಮುಂದುವರಿಯುತ್ತದೆ, ನಡುವೆ ನಿಲ್ಲಿಸುವಂತಿಲ್ಲ. ಪೇ ಸ್ಲಿಪ್‌ನಲ್ಲಿ ಅದು ನಿಂತಿದೆಯೇ ಎಂದು ಏಪ್ರಿಲ್, ಮೇಯಲ್ಲಿ ನೋಡಿ. ಅದು ಸಂಬಳ ಏರುವ ಕಾಲ, ತಪ್ಪಾಗುವ ಕಾಲವೂ ಹೌದು.

ಗಡಿಯ ತೊಂದರೆ ನಿಜವಾಗಿ ಶುರುವಾಗುವುದು ಕಾಗದಗಳಲ್ಲಿ. ನಮ್ಮೂರಿನ ಆರೋಗ್ಯ ಕೇಂದ್ರದ ದಾಖಲೆಗಳೆಲ್ಲ ಮಲಯಾಳದಲ್ಲಿ. ಕಾಸರಗೋಡಿನ ಕನ್ನಡಿಗರಿಗೆ ಕೇರಳದ ಕಚೇರಿಗಳೊಂದಿಗೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕು ಅಲ್ಲಿನ ಅಧಿಕೃತ ಭಾಷಾ ಕಾಯ್ದೆಯಲ್ಲಿದೆ, ನಾನದನ್ನು ಬಳಸುವವಳೇ. ಆದರೆ ಈ ಒಂದು ವಿಷಯದಲ್ಲಿ ಹಟ ಮಾಡಲಿಲ್ಲ: ಮಂಗಳೂರಿನ ಎಚ್‌ಆರ್‌ಗೆ ಓದಲು ಬರಬೇಕು, ವಿಮೆಯವರಿಗೂ ಬರಬೇಕು, ವೈದ್ಯರ ಪ್ರಮಾಣಪತ್ರವನ್ನು ಇಂಗ್ಲಿಷಿನಲ್ಲೇ ಕೇಳಿ ತೆಗೆದುಕೊಂಡೆ. ಅದರಲ್ಲಿ ನಿರೀಕ್ಷಿತ ದಿನ, ವೈದ್ಯರ ನೋಂದಣಿ ಸಂಖ್ಯೆ, ಮೊಹರು ಮೂರೂ ಇರಬೇಕು. ಹೆಸರಿನ ಗೋಜಲು ಇನ್ನೊಂದು. ಆಧಾರ್‌ನಲ್ಲಿ ಇನಿಶಿಯಲ್ ಹೆಸರಿನ ಹಿಂದೆ, ಬ್ಯಾಂಕಿನಲ್ಲಿ ಮುಂದೆ, ಪಿಎಫ್‌ನಲ್ಲಿ ಮನೆ ಹೆಸರು ಬಿಡಿಸಿ ಬರೆದದ್ದು: ಇದು ನಮ್ಮಲ್ಲಿ ಪ್ರತಿ ಎರಡನೇ ಮನೆಯ ಕಥೆ. ಮೂರನೇ ತಿಂಗಳಲ್ಲೇ ಸರಿ ಮಾಡಿಸಿದರೆ ಬಾಣಂತನದಲ್ಲಿ ಅಕ್ಷಯ ಕೇಂದ್ರದ (ಕೇರಳ ಸರ್ಕಾರದ ಆನ್‌ಲೈನ್ ಸೇವಾ ಕೇಂದ್ರ) ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ.

ದೂರು ಕೊಡಬೇಕಾಗಿ ಬಂದರೆ ಯಾವ ರಾಜ್ಯದ ಕಾರ್ಮಿಕ ಇಲಾಖೆ? ಕೆಲಸದ ಜಾಗ ಎಲ್ಲಿದೆಯೋ ಅದರದ್ದು. ಮನೆ ಉಪ್ಪಳವಾದರೂ ನನಗೆ ಸಂಬಂಧಪಟ್ಟದ್ದು ಕರ್ನಾಟಕದ್ದು. ಮಂಜೇಶ್ವರ, ಕುಂಬಳೆಯ ಸಂಸ್ಥೆಗಳಲ್ಲಿ ದುಡಿಯುವವರಿಗೆ ಕೇರಳದ್ದು. ಕೇರಳದಲ್ಲಿ ಖಾಸಗಿ ಶಾಲೆಗಳ ಟೀಚರುಗಳನ್ನೂ 2020ರಲ್ಲಿ ಹೆರಿಗೆ ಸೌಲಭ್ಯದ ಕಾಯ್ದೆಯೊಳಗೆ ತರಲಾಗಿದೆ. ಬೇಸಿಗೆ ರಜೆಗೆ ಬಿಡುಗಡೆ ಮಾಡಿ ಜೂನ್‌ನಲ್ಲಿ ಮತ್ತೆ ಸೇರಿಸಿಕೊಳ್ಳುವ ಶಾಲೆಗಳಲ್ಲಿ ದುಡಿಯುವವರು ನೇಮಕದ ಪತ್ರ, ಹಾಜರಿ ಪುಸ್ತಕದ ಫೋಟೊ ಇಟ್ಟುಕೊಳ್ಳಬೇಕು. 80 ದಿನದ ಸಾಕ್ಷಿ ಅದೇ.

ಯಾವಾಗ ಹೇಳುವುದು ಎಂಬುದಕ್ಕೆ ಕಾನೂನಿನಲ್ಲಿ ದಿನವಿಲ್ಲ. 12ನೇ ವಾರದ ಸ್ಕ್ಯಾನ್ ಆಗಿ, ಅದೇ ಹೊತ್ತಿಗೆ ವರ್ಷದ ಮೌಲ್ಯಮಾಪನದ ಅಂಕ ಲಿಖಿತವಾಗಿ ಕೈಗೆ ಬಂದ ಮೇಲೆ ಹೇಳಿದೆ. ಅಂಕ ಮೊದಲು, ಸುದ್ದಿ ನಂತರ. ಇದನ್ನು ಕುಯುಕ್ತಿ ಎಂದು ಯಾರಾದರೂ ಕರೆದರೆ ಕರೆಯಲಿ. ಮೊದಲು ಮ್ಯಾನೇಜರರಿಗೆ ಬಾಯಿಮಾತು, ಅದೇ ದಿನ ಸಂಜೆ ‘ಇವತ್ತು ತಮಗೆ ತಿಳಿಸಿದಂತೆ’ ಎಂದು ಶುರುವಾಗುವ ಇಮೇಲ್, ಎಚ್‌ಆರ್‌ಗೆ ಪ್ರತಿ, ನನ್ನ ಸ್ವಂತ ಇಮೇಲ್‌ಗೂ ಒಂದು ಪ್ರತಿ. ರಜೆಗೆ ಹೋದ ಮೇಲೆ ಆಫೀಸಿನ ಇಮೇಲ್ ಮುಚ್ಚುವುದುಂಟು. ಸಾಕ್ಷಿಯೆಲ್ಲ ಅದರೊಳಗೇ ಉಳಿದರೆ ಕೈಗೆ ಸಿಗುವುದಿಲ್ಲ.

ಔಪಚಾರಿಕ ನೋಟಿಸನ್ನು ಏಳನೇ ತಿಂಗಳಲ್ಲಿ ಕೊಟ್ಟೆ. ಕಾಗದದಲ್ಲಿ ಇದ್ದದ್ದು ಇಷ್ಟೇ:

‘ವೈದ್ಯರ ಪ್ರಮಾಣಪತ್ರದಂತೆ ನನ್ನ ಹೆರಿಗೆಯ ನಿರೀಕ್ಷಿತ ದಿನ 17-10-2025. 03-10-2025ರಿಂದ 26 ವಾರ ಹೆರಿಗೆ ರಜೆಯಲ್ಲಿರುತ್ತೇನೆ. ಅದಕ್ಕೂ ಮೊದಲು ಹೆರಿಗೆಯಾದರೆ ರಜೆ ಅದೇ ದಿನದಿಂದ ಶುರುವಾಗುತ್ತದೆ. ಈ ಅವಧಿಯಲ್ಲಿ ಬೇರೆ ಯಾವ ಸಂಸ್ಥೆಯಲ್ಲೂ ಕೆಲಸ ಮಾಡುವುದಿಲ್ಲ. ಹೆರಿಗೆ ಭತ್ಯೆಯನ್ನು ನನಗೆ, ಅಥವಾ ನಾನು ಹೆಸರಿಸಿರುವ ನನ್ನ ಗಂಡನಿಗೆ ಪಾವತಿಸಬೇಕು. ರಜೆ ಮುಗಿದ ನಂತರದ ಮೊದಲ ಕೆಲಸದ ದಿನ ಹಾಜರಾಗುತ್ತೇನೆ.’

ಏಪ್ರಿಲ್ 3 ಎಂದು ಬರೆಯದೆ ‘ಮೊದಲ ಕೆಲಸದ ದಿನ’ ಎಂದದ್ದಕ್ಕೆ ಕಾರಣ, ಆ ದಿನ ಗುಡ್ ಫ್ರೈಡೇ. ಬೇರೆಲ್ಲೂ ದುಡಿಯುವುದಿಲ್ಲ, ಹಣ ಯಾರಿಗೆ ಕೊಡಬೇಕು ಎಂಬ ಎರಡು ಸಾಲು ನೋಟಿಸಿನಲ್ಲಿ ಇರಲೇಬೇಕೆಂದು ಕಾಯ್ದೆಯೇ ಹೇಳುತ್ತದೆ. ‘ದಯವಿಟ್ಟು ಮಂಜೂರು ಮಾಡಬೇಕಾಗಿ ವಿನಂತಿ’ ಎಂದು ಬರೆಯಬೇಡಿ. ಇದು ಕೇಳಿ ಪಡೆಯುವ ರಜೆಯಲ್ಲ, ತಿಳಿಸಿ ಹೋಗುವ ರಜೆ. ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದರ ಮೇಲೆ ತಾರೀಕು ಹಾಕಿ ಸಹಿ ಮಾಡಿಸಿಕೊಂಡೆ. ಸಹಿಗೆ ಹಿಂದೇಟು ಹಾಕಿದರೆ ಸ್ಪೀಡ್ ಪೋಸ್ಟಿನಂಥ ದಾಖಲೆ ಸಿಗುವ ಅಂಚೆ. ನೋಟಿಸು ಕೊಡಲು ಆಗದೆ ಮೊದಲೇ ಹೆರಿಗೆಯಾಗಿಬಿಟ್ಟರೆ ಆಮೇಲೆ ಕೊಡಬಹುದು, ಹಕ್ಕು ಹೋಗುವುದಿಲ್ಲ.

ಹಣದ ಹಂಚಿಕೆ ಹೀಗಿದೆ: ಹೆರಿಗೆಗೆ ಮೊದಲಿನ ಅವಧಿಯದ್ದು ಮುಂಗಡ, ಉಳಿದದ್ದು ಹೆರಿಗೆಯ ಪುರಾವೆ ಕೊಟ್ಟ 48 ಗಂಟೆಯೊಳಗೆ. ಸಂಬಳದವರಿಗೆ ಕಚೇರಿಗಳು ತಿಂಗಳು ತಿಂಗಳು ಕೊಡುವುದೇ ರೂಢಿ. ನಾನೂ ಒಪ್ಪಿಕೊಂಡೆ, ಆದರೆ ಒಪ್ಪಿದ್ದನ್ನು ಬರೆಸಿಕೊಂಡೆ. ಗೇರುಬೀಜದ ಕಾರ್ಖಾನೆಯಂಥ ಕಡೆ ದಿನಗೂಲಿಗೆ ದುಡಿಯುವವರು ಗಮನಿಸಬೇಕಾದ್ದು ಬೇರೆ. ರಜೆಗೆ ಮೊದಲಿನ ಮೂರು ತಿಂಗಳ ಸರಾಸರಿ ದಿನಗೂಲಿಯನ್ನು ಗುಣಿಸಬೇಕಾದದ್ದು 182ರಿಂದ, ಭಾನುವಾರ ಕಳೆದ 156ರಿಂದಲ್ಲ. ಭಾನುವಾರವೂ ಸೇರುತ್ತದೆ ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಸರಾಸರಿ 500 ರೂಪಾಯಿ ಇದ್ದರೆ 91,000 ಬರಬೇಕು, 78,000 ಅಲ್ಲ. ಕಂಪನಿ ಉಚಿತ ವೈದ್ಯಕೀಯ ಆರೈಕೆ ಕೊಡದಿದ್ದರೆ 3,500 ರೂಪಾಯಿ ವೈದ್ಯಕೀಯ ಬೋನಸ್ ಬೇರೆ. ಇದನ್ನು ಕೇಳದೆ ಕೊಟ್ಟವರನ್ನು ನಾನು ಕಂಡಿಲ್ಲ.

ಕೆಲಸ ಹೋಗುವ ಭಯದ ಬಗ್ಗೆ ನೇರವಾಗಿ ಹೇಳುವುದಾದರೆ, ರಜೆಯಲ್ಲಿದ್ದಾಗ ವಜಾ ಮಾಡುವುದು, ಸಂಬಳ, ಹುದ್ದೆಯ ಷರತ್ತುಗಳನ್ನು ನಮಗೆ ನಷ್ಟವಾಗುವಂತೆ ಬದಲಿಸುವುದು ಎರಡೂ ಕಾನೂನುಬಾಹಿರ. ಗುತ್ತಿಗೆಯ ಅವಧಿ ನಡುವೆ ಮುಗಿದರೂ ಹೆರಿಗೆ ಸೌಲಭ್ಯ ಮುಂದುವರಿಯುತ್ತದೆಂದು 2023ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಇದು ಕಂಪನಿಗಳಿಗೂ ಗೊತ್ತಿರುವುದರಿಂದ ವಜಾ ಪತ್ರ ಬರುವುದು ಅಪರೂಪ. ಬರುವುದು ಮೆತ್ತಗಿನ ಮಾತು: ‘ಈಗ ರಿಸೈನ್ ಮಾಡಿ, ಮಗು ದೊಡ್ಡದಾದ ಮೇಲೆ ಬನ್ನಿ, ಸೀಟು ಇದ್ದೇ ಇರುತ್ತದೆ.’ ನನಗೂ ಬಂತು, ಐದನೇ ತಿಂಗಳಲ್ಲಿ, ಚಾ ಕುಡಿಯುತ್ತಾ. ಸ್ವಇಚ್ಛೆಯಿಂದ ಬಿಡುತ್ತಿದ್ದೇನೆ ಎಂಬ ಪತ್ರಕ್ಕೆ ಸಹಿ ಬಿದ್ದರೆ ಮೇಲಿನ ಯಾವ ರಕ್ಷಣೆಯನ್ನೂ ಹಿಡಿದು ನಿಲ್ಲುವುದು ಬಹಳ ಕಷ್ಟ. ಜಗಳ ಮಾಡಲಿಲ್ಲ. ‘ಯೋಚಿಸಿ ಹೇಳುತ್ತೇನೆ ಸರ್, ಇದನ್ನೇ ಮೇಲ್‌ನಲ್ಲಿ ಕಳಿಸಿ’ ಎಂದೆ. ಮೇಲ್ ಬರಲಿಲ್ಲ, ಆ ಮಾತೂ ಮತ್ತೆ ಬರಲಿಲ್ಲ. ಮನೆಯಲ್ಲಿ ಅತ್ತೆಯೂ ‘ಬಿಟ್ಟುಬಿಡು ಮಗಾ, ಆ ರೈಲಿನ ನೂಕುನುಗ್ಗಲು ಯಾಕೆ’ ಎಂದದ್ದುಂಟು. ಅದರಲ್ಲಿ ಕಾಳಜಿ ಇತ್ತು, ಸಹಿ ಕೇಳುವ ಕಾಗದ ಇರಲಿಲ್ಲ.

ರೈಲಿನದ್ದೂ ನಿಜವೇ. ಬೆಳಗ್ಗೆ ಮಂಗಳೂರು ಕಡೆಯ ಗಾಡಿ ಉಪ್ಪಳಕ್ಕೆ ಬರುವಾಗಲೇ ತುಂಬಿರುತ್ತದೆ. ಆರನೇ ತಿಂಗಳಿಂದ ಒಂದು ಗಂಟೆ ತಡವಾಗಿ ಬಂದು ತಡವಾಗಿ ಹೋಗಲು ಲಿಖಿತ ಅನುಮತಿ ತೆಗೆದುಕೊಂಡೆ. ಬಟ್ಟೆ ಅಂಗಡಿಯವರಂತೆ ದಿನವಿಡೀ ನಿಲ್ಲುವ ಕೆಲಸದವರು ಹೆರಿಗೆಗೆ ಹತ್ತು ವಾರ ಇರುವಾಗಿನಿಂದ ನಿಂತು ಮಾಡುವ, ಭಾರದ ಕೆಲಸ ಬೇಡವೆಂದು ಕೇಳಬಹುದು, ಮಾಲಕರು ಒಪ್ಪಲೇಬೇಕು. ಕೇರಳದ ಅಂಗಡಿಗಳಲ್ಲಂತೂ ಕುಳಿತುಕೊಳ್ಳುವ ಹಕ್ಕೇ 2018ರಿಂದ ಕಾನೂನಿನಲ್ಲಿದೆ.

ಮಗು ಹುಟ್ಟುವ ಊರಿನಲ್ಲೇ ಜನನ ನೋಂದಣಿ. ಹೆರಿಗೆ ಮಂಗಳೂರಿನ ಆಸ್ಪತ್ರೆಯಲ್ಲಾದರೆ ಕರ್ನಾಟಕದ ಇ-ಜನ್ಮದಲ್ಲಿ ದಾಖಲಾಗುತ್ತದೆ, ನಮ್ಮ ಪಂಚಾಯತಿನಲ್ಲಿ ಅಲ್ಲ. 21 ದಿನದೊಳಗೆ ದಾಖಲಾಯಿತೇ ಎಂದು ಡಿಸ್‌ಚಾರ್ಜ್ ದಿನವೇ ಕೇಳಿ, ಫಾರಂನಲ್ಲಿ ತಾಯಿಯ ಹೆಸರು ಆಧಾರ್‌ನಲ್ಲಿದ್ದಂತೆಯೇ ಬರೆಸಿ. ಎಚ್‌ಆರ್ ಕೇಳುವುದೂ, ವಿಮೆಯಲ್ಲಿ ಮಗುವಿನ ಹೆಸರು ಸೇರಿಸಲು ಕೇಳುವುದೂ ಈ ಪತ್ರವನ್ನೇ.

ನನ್ನ ರಜೆಯ ನಡುವೆ, 2025ರ ನವೆಂಬರ್ 21ರಿಂದ, 1961ರ ಹಳೆ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂತು. ‘ಹಳೆ ಕಾಯ್ದೆ ಈಗ ಇಲ್ಲ’ ಎಂದು ಯಾರಾದರೂ ಹೆದರಿಸಿದರೆ ಹೆದರಬೇಡಿ. 80 ದಿನ, 26 ವಾರ, ವಜಾ ನಿಷೇಧ ಎಲ್ಲವೂ ಹೊಸದರಲ್ಲೂ ಇವೆ. ಸೆಕ್ಷನ್ ಸಂಖ್ಯೆಗಳು ಬದಲಾಗಿವೆ, ಆದ್ದರಿಂದ ಪತ್ರದಲ್ಲಿ ಸಂಖ್ಯೆ ಬರೆಯದಿರುವುದೇ ಕ್ಷೇಮ.

ಮರಳುವ ಎರಡು ವಾರ ಮೊದಲು ಇನ್ನೊಂದು ಇಮೇಲ್: ಹಾಜರಾಗುವ ದಿನ, ಹಾಲೂಡಿಸಲು ದಿನಕ್ಕೆ ಎರಡು ಬಿಡುವು, ಅದಕ್ಕೊಂದು ಬಾಗಿಲು ಹಾಕುವ ಕೋಣೆ. ಈ ಬಿಡುವು ಮಗುವಿಗೆ 15 ತಿಂಗಳಾಗುವವರೆಗೆ. 50 ಮಂದಿಯಿರುವ ಕಡೆ ಶಿಶುಪಾಲನಾ ಕೋಣೆ ಕಡ್ಡಾಯ. ನಮ್ಮಲ್ಲಿ ಅಷ್ಟು ಜನರಿಲ್ಲ. ಮನೆ ದೂರವಾದ್ದರಿಂದ ಬಿಡುವಿನಲ್ಲಿ ಹಾಲು ಹಿಂಡಿ ಐಸ್ ಪ್ಯಾಕ್ ಇಟ್ಟ ಚೀಲದಲ್ಲಿ ತರುತ್ತೇನೆ. ಹೊರಗಿಟ್ಟರೆ ನಾಲ್ಕು ಗಂಟೆ ಎನ್ನುತ್ತಾರೆ, ಆದರೆ ಅದು ತಂಪು ಕೋಣೆಯ ಲೆಕ್ಕ, ಏಪ್ರಿಲ್‌ನ ನಮ್ಮ ಸೆಕೆಯದ್ದಲ್ಲ. ಮೊದಲ ತಿಂಗಳ ಪೇ ಸ್ಲಿಪ್ ಬಂದಾಗ ರಜೆಯ ತಿಂಗಳುಗಳ ಪಿಎಫ್ ಪಾಸ್‌ಬುಕ್ಕನ್ನೂ ಪಕ್ಕದಲ್ಲಿಟ್ಟು ನೋಡಿದೆ. ಡಿಸೆಂಬರ್‌ನ ಒಂದು ಸಾಲು ‘ಸಂಬಳರಹಿತ ರಜೆ’ ಎಂದು ದಾಖಲಾಗಿತ್ತು. ಪೋರ್ಟಲ್‌ನ ಪಟ್ಟಿಯಲ್ಲಿ ಹೆರಿಗೆ ರಜೆ ಎಂಬ ಆಯ್ಕೆಯೇ ಇರಲಿಲ್ಲವಂತೆ. ಸಹಿ ಹಾಕಿಸಿಕೊಂಡ ಪ್ರತಿಯ ಫೋಟೊ ಕಳಿಸಿದೆ, ಮುಂದಿನ ತಿಂಗಳು ಬಾಕಿ ಬಂತು.