ಗಂಟು ಹೊರಿಸಿದ ಮೇಲೆ ಪಾಠ ಇಳಿಯಿತು

ಮದ್ರಸಾದಲ್ಲಿ ಹಿಜ್ರಾ, ಅಂದರೆ ಪ್ರವಾದಿಯವರು ಮಕ್ಕಾ ಬಿಟ್ಟು ಮದೀನಾಕ್ಕೆ ವಲಸೆ ಹೋದ ಪಾಠ ಮಾಡಿದವರಿಗೆ ಗೊತ್ತು, ಅವರು ಅಡಗಿದ್ದ ಸೌರ್ ಗುಹೆ, ಮೂರು ರಾತ್ರಿ, ಹಿಡಿದುಕೊಟ್ಟವರಿಗೆ ನೂರು ಒಂಟೆಯ ಬಹುಮಾನ ಎಲ್ಲವನ್ನೂ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಅದೇ ಮಕ್ಕಳು ಚಳಿಗಾಲದಲ್ಲಿ ನಮ್ಮೂರಿಗೆ ಸ್ವೆಟರ್ ಮಾರಲು ಬರುವ ಟಿಬೆಟಿನ ನಿರಾಶ್ರಿತರನ್ನು ಅಣಕಿಸುವುದು ಕಂಡು ನನಗೆ ನಿದ್ದೆ ಬರಲಿಲ್ಲ.

ಮೊದಲ ವರ್ಷ ಪ್ರೊಜೆಕ್ಟರ್ ಬಾಡಿಗೆಗೆ ತಂದು, 2017ರಲ್ಲಿ ಮ್ಯಾನ್ಮಾರ್‌ನಿಂದ ಬಾಂಗ್ಲಾದೇಶಕ್ಕೆ ಓಡಿಬಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಮುಸ್ಲಿಮರ ಚಿತ್ರ ತೋರಿಸಿದೆ. ಕೆಲವರು ಅತ್ತರು. ಅತ್ತದ್ದು ‘ನಮ್ಮವರು’ ಅಂತ, ಮರುವಾರ ಅದೂ ಮರೆತಿತ್ತು. ಎರಡನೇ ವರ್ಷ ಕುಶಾಲನಗರದಿಂದ ಟಿಬೆಟಿನವರು ನೆಲೆಸಿರುವ ಬೈಲಕುಪ್ಪೆಗೆ ಆರೇಳು ಕಿಲೋಮೀಟರ್ ನಡೆಸಿದೆ. ಚಿಪ್ಸು, ಸೆಲ್ಫಿ, ಓಟದ ಪಂದ್ಯ. ಬಸ್ಸು, ಊಟ ಸೇರಿ ಒಂಬತ್ತು ಸಾವಿರದ ಹತ್ತಿರ ಹೋಯಿತು, ಅರ್ಧ ನನ್ನ ಜೇಬಿನದು. “ಪಿಕ್ನಿಕ್ ಅಂತಲೇ ಹೇಳಿ ಉಸ್ತಾದ್, ಪಾಠ ಅನ್ನಬೇಡಿ” ಎಂದರು ಕಮಿಟಿಯವರು.

ಮೂರನೇ ಸಲ ಗಂಟು ಹೊರಿಸಿದೆ. ಪೋಷಕರಿಗೆ ಮಾತ್ರ ಮೊದಲೇ ತಿಳಿಸಿ, ಬೆಳಗಿನ ಸುಬಹಿ ನಮಾಝ್ ಮುಗಿದ ಕೂಡಲೇ ಮಕ್ಕಳಿಗೆ ಹತ್ತು ನಿಮಿಷ: ಈ ಮನೆಗೆ ಇನ್ನು ಬರುವುದಿಲ್ಲ, ಬೇಕಾದ್ದನ್ನು ಬೆಡ್‌ಶೀಟಿನಲ್ಲಿ ಕಟ್ಟಿಕೊಳ್ಳಿ. ಶಾಲೆಯ ಬ್ಯಾಗ್ ಬೇಡ, ಬೆನ್ನಿಗೆ ಕೂತು ಭಾರ ಮರೆಸುತ್ತದೆ. ನಾಲ್ಕು ಕಿಲೋ ಸಾಕು. ಬರಿಗಾಲಿನ ಪ್ರಯೋಗವನ್ನು ನಾವು ಉಸ್ತಾದರೇ ಮಾಡಿ ನೋಡಿದೆವು. ಡಾಂಬರು ಸುಟ್ಟು ಎರಡು ದಿನ ಕುಂಟಿದೆವು. ಮಕ್ಕಳಿಗೆ ಅದು ಖಂಡಿತ ಬೇಡ.

ಹೆದ್ದಾರಿ ಬಿಟ್ಟು ಜೋಳದ ಹೊಲಗಳ ಒಳದಾರಿ ಹಿಡಿಯುತ್ತೇನೆ. ಮೂರು ಕಡೆ ನಿಲ್ಲಿಸಿ ಗಂಟಿನಿಂದ ಒಂದೊಂದು ವಸ್ತು ಬಿಡಿಸುತ್ತೇನೆ. ಎರಡನೆಯ ಕಡೆ, ಮರದ ನೆರಳಲ್ಲಿ, ಮಕ್ಕಾದಿಂದ ಓಡಿಹೋದ ಮುಸ್ಲಿಮರಿಗೆ ಆಶ್ರಯ ಕೊಟ್ಟ ಕ್ರೈಸ್ತ ದೊರೆ ನಜ್ಜಾಶಿಯ ಕತೆ, ಐದೇ ನಿಮಿಷ. ಮೂರನೆಯ ಕಡೆ ಒಂದು ಪ್ರಶ್ನೆ ಕೇಳುತ್ತೇನೆ. ಅದನ್ನು ಇಲ್ಲಿ ಬರೆಯಲಾರೆ, ಮುಂದಿನ ತಂಡದ ಮಕ್ಕಳೂ ಓದುತ್ತಾರೆ.

ಒಬ್ಬ ಹುಡುಗ ಕ್ರಿಕೆಟ್ ಬಾಲು, ಹೊಸ ಶರ್ಟು ಎಲ್ಲ ಬಿಟ್ಟು ಕೊನೆಗೆ ಉಳಿಸಿಕೊಂಡದ್ದು ಮನೆಯ ರೇಷನ್ ಕಾರ್ಡು. “ನೀವು ಎಲ್ಲಿಯವರು ಅಂತ ಯಾರಾದರೂ ಕೇಳಿದರೆ?” ಎಂದ. ನನಗೆ ಮಾತು ಹೊರಡಲಿಲ್ಲ.

ಹಿಂದಿನ ವರ್ಷ ಬೈಲಕುಪ್ಪೆಯ ಬೌದ್ಧ ದೇವಸ್ಥಾನ ತೋರಿಸಿ ಮರಳಿದ್ದೆ, ಅದೇ ತಪ್ಪು. ಈ ಸಲ ಕಾಡು ಕಡಿದು ಊರು ಕಟ್ಟಿದ ತಲೆಮಾರಿನ ಒಬ್ಬ ಟಿಬೆಟಿನ ಅಜ್ಜಿಯ ಮನೆಗೆ ಕರೆದೊಯ್ದೆ. ಉಪ್ಪು-ಬೆಣ್ಣೆಯ ಚಹಾ ಕೊಟ್ಟು, ಕನ್ನಡದಲ್ಲೇ ಮಾತಾಡಿದರು. ಹುಡುಗನ ಕಾರ್ಡು ನೋಡಿ ಒಳಗೆ ಹೋಗಿ ತಮ್ಮ ಆರ್‌ಸಿ, ಅಂದರೆ ಇಲ್ಲಿರುವ ಟಿಬೆಟಿನವರಿಗೆ ಸರ್ಕಾರ ಕೊಡುವ ನೋಂದಣಿ ಪತ್ರ ತಂದರು. “ಅರವತ್ತು ವರ್ಷ ಆಯ್ತು ಮಗಾ, ಇನ್ನೂ ಇದನ್ನು ರಿನ್ಯೂ ಮಾಡಿಸ್ತೀನಿ.” ಅವನು ಎರಡನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದ.

ಆ ಸಲ ಖರ್ಚು ಐದು ಸಾವಿರ ದಾಟಲಿಲ್ಲ. ಡಿಸೆಂಬರಿನಲ್ಲಿ ಸ್ವೆಟರ್ ಅಂಗಡಿ ಮುಚ್ಚುವ ಹೊತ್ತಿಗೆ ನಮ್ಮ ನಾಲ್ವರು ಹುಡುಗರು ಅವರ ಗಂಟು ಕಟ್ಟಲು ಕೈಜೋಡಿಸಿದ್ದನ್ನು ಕಮಿಟಿಯ ಅಧ್ಯಕ್ಷರೇ ನೋಡಿ ಬಂದು ಹೇಳಿದರು. ಈ ವರ್ಷದ ಬಸ್ ಬಾಡಿಗೆ ಅವರದು.